ಮಾವನ ಕಾರಿಗೆ ನೈಟ್ರಸ್

ಮೇಟಗಳ್ಳಿಯಲ್ಲಿ ನನ್ನದೊಂದು ಶೆಡ್ಡಿದೆ. ಒಂದು ಪಕ್ಕದಲ್ಲಿ ಲೇತ್ ಕೆಲಸದವರು, ಇನ್ನೊಂದು ಪಕ್ಕದಲ್ಲಿ ರಟ್ಟಿನ ಡಬ್ಬ ಮಾಡುವವರು, ನಡುವೆ ನಾನು. ಬೋರ್ಡಿನ ಮೇಲೆ ‘ಇಂಜಿನ್ ಟ್ಯೂನಿಂಗ್’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಹೊಸದಾಗಿ ಬಂದವರು ಬಾಗಿಲಲ್ಲಿ ನಿಂತು, “ಮೆಕ್ಯಾನಿಕ್ ಇಲ್ವಾ ಮೇಡಂ?” ಎಂದು ಕೇಳುತ್ತಾರೆ. ನನ್ನ ಕೈಯಲ್ಲಿ ಸ್ಪ್ಯಾನರ್ ಇರುತ್ತದೆ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿರುತ್ತದೆ, ಆದರೂ ಕೇಳುತ್ತಾರೆ. ಮೊದಮೊದಲು ಮೈಯೆಲ್ಲ ಉರಿದುಹೋಗುತ್ತಿತ್ತು. ಈಗ, “ಊಟಕ್ಕೋಗವ್ರೆ, ಬರೋಗಂಟ ನಾನೇ ನೋಡ್ತಿರ್ತೀನಿ” ಎಂದು ಹೇಳಿ ಬಾನೆಟ್ ಎತ್ತುತ್ತೇನೆ. ಕೆಲವರಂತೂ ಕೆಲಸ ಮುಗಿದು ಗಾಡಿ ಹೊರಡುವವರೆಗೂ ಆ ಮೆಕ್ಯಾನಿಕ್ಕಿಗಾಗಿ ರಸ್ತೆಯ ಕಡೆ ನೋಡುತ್ತಲೇ ಇರುತ್ತಾರೆ.

ನನ್ನ ವಿದ್ಯೆಯನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಗಾಳಿಗೆ ಎಷ್ಟು ಪೆಟ್ರೋಲು ಬೆರೆಸಬೇಕು, ಅದಕ್ಕೆ ಯಾವ ಗಳಿಗೆಯಲ್ಲಿ ಕಿಡಿ ಹಚ್ಚಬೇಕು. ಇಷ್ಟೇ. ಇದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಂಜಿನ್ನು ಮುಖ ಊದಿಸಿಕೊಂಡು ಕೂರುತ್ತದೆ. ರೇಸಿನ ಹುಚ್ಚಿನವರು ನನ್ನ ಹತ್ತಿರ ಬರುವುದು ಈ ಕೆಲಸಕ್ಕೇ. ನಾನು ಸರಿಮಾಡಿ ಕೊಟ್ಟ ಗಾಡಿಗಳನ್ನು ಅವರು ಓಡಿಸಿ, ಗೆದ್ದು, ಫೋಟೋ ಹಾಕಿಕೊಳ್ಳುತ್ತಾರೆ. ನಾನು ಸ್ಕೂಟರಿನಲ್ಲಿ ಮನೆಗೆ ಹೋಗುತ್ತೇನೆ. ವರ್ಷಗಟ್ಟಲೆ ಹೀಗೇ ನಡೆಯಿತು. ಮದುವೆ ಮನೆಯಲ್ಲಿ ಬಡಿಸಿ ಬಡಿಸಿ ತಾನು ಎಲೆ ಹಾಕಿಕೊಳ್ಳದವಳ ಪಾಡು ನನ್ನದು.

ಕಳೆದ ದಸರಾಕ್ಕೆ ಮೊದಲು ಗಿರಾಕಿಯೊಬ್ಬರು ಸುದ್ದಿ ತಂದರು. ಇಲವಾಲದಾಚೆ ಯಾರೋ ಬಡಾವಣೆ ಮಾಡಿ, ಅಗಲವಾದ ನೇರ ರಸ್ತೆ ಹಾಕಿ, ಸೈಟು ಮಾರಾಟವಾಗದೆ ಹಾಗೇ ಬಿಟ್ಟಿದ್ದರಂತೆ. ಅಲ್ಲಿ ಅನುಮತಿ ತೆಗೆದುಕೊಂಡು, ರಸ್ತೆ ಮುಚ್ಚಿ, ಒಂದು ಭಾನುವಾರ ಓಟ ಇಟ್ಟುಕೊಂಡಿದ್ದರು. ಹಳೆಯ ಕಾರುಗಳೂ ಬರಬಹುದು, ನೈಟ್ರಸ್ ಇದ್ದರೂ ಸರಿ. ನನ್ನ ಕಿವಿ ನೆಟ್ಟಗಾಯಿತು.

ನೈಟ್ರಸ್ ಎಂದರೆ ಶಾಲೆಯ ಪುಸ್ತಕದಲ್ಲಿ ನಗೆ ಅನಿಲ ಎಂದು ಓದಿರುತ್ತೀರಲ್ಲ, ಅದೇ. ಇಂಜಿನ್ನಿನ ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಆಮ್ಲಜನಕ ಹೆಚ್ಚಾದಾಗ ಪೆಟ್ರೋಲನ್ನೂ ಹೆಚ್ಚು ಕೊಟ್ಟರೆ ಬೆಂಕಿ ಜೋರಾಗಿ, ಕೆಲವು ಗಳಿಗೆಯ ಮಟ್ಟಿಗೆ ಕಾರಿಗೆ ಎಲ್ಲಿಲ್ಲದ ಬಲ ಬರುತ್ತದೆ. ಡಿಕ್ಕಿಯಲ್ಲಿ ಒಂದು ಸಿಲಿಂಡರು, ಅಲ್ಲಿಂದ ಕೊಳವೆ, ಸ್ಟೀರಿಂಗಿನ ಪಕ್ಕ ಒಂದು ಗುಂಡಿ. ಎಷ್ಟೋ ಜನರ ಗಾಡಿಗೆ ಹಾಕಿಕೊಟ್ಟಿದ್ದೆ. ನನ್ನ ಹೆಬ್ಬೆರಳಲ್ಲಿ ಆ ಗುಂಡಿಯನ್ನು ಒಂದು ಸಲವೂ ಒತ್ತಿರಲಿಲ್ಲ.

ತೊಂದರೆ ಏನೆಂದರೆ ನನಗೆ ಕಾರಿಲ್ಲ. ಇದ್ದದ್ದು ಒಂಟಿಕೊಪ್ಪಲಿನ ಮನೆಯ ಮುಂದೆ ನಿಂತಿರುವ ಮಾವನ ಕಾರು. ಕಾರ್ಬೊರೇಟರ್ ಕಾಲದ ಪುಟ್ಟ ಕಾರು, ತಿಳಿನೀಲಿ ಬಣ್ಣ. ಮಾವ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ನಿವೃತ್ತಿಯವರೆಗೂ ಅದರಲ್ಲೇ ಓಡಾಡಿದರು, ಆಮೇಲೂ ಓಡಾಡಿದರು, ಒಂದು ದಿನ ಹೋಗಿಬಿಟ್ಟರು. ಅವರಿದ್ದಾಗ ಕಾರು ರಸ್ತೆಯ ಮೂಲೆ ತಿರುಗುವ ಸದ್ದಿಗೇ ಅತ್ತೆ, “ಬಂದ್ರು” ಎನ್ನುತ್ತಿದ್ದರು. ಒಲೆಯ ಮುಂದಿರಲಿ, ಹಿತ್ತಲಲ್ಲಿರಲಿ, ಫೋನಿನಲ್ಲಿ ತಂಗಿಯ ಜೊತೆ ಜಗಳವಾಡುತ್ತಿರಲಿ, “ಬಂದ್ರು” ಎಂದು ಮಾತು ನಿಲ್ಲಿಸುತ್ತಿದ್ದರು. ಅವರು ಹೋದ ಮೇಲೆ ಬ್ಯಾಟರಿ ಸಾಯದಿರಲಿ ಎಂದು ವಾರಕ್ಕೊಮ್ಮೆ ನಾನೇ ಕಾರು ತೆಗೆಯುತ್ತೇನೆ. ವಾಪಸು ಬರುವಾಗಲೆಲ್ಲ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತಿರುತ್ತಾರೆ.

ಆ ಕಾರಿಗೆ ನೈಟ್ರಸ್ ಹಾಕಲೇ ಎಂದು ಕೇಳಲು ನಾನು ಎರಡು ವಾರ ಧೈರ್ಯ ಕೂಡಿಸಿಕೊಂಡೆ. ಕೊನೆಗೆ ಅವರು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಎಳೆದುಕೊಂಡೆ. ನಾನು ತರಕಾರಿಗೆ ಕೈಹಾಕಿದರೆ ಏನೋ ಬೇಡಿಕೆ ಇದೆ ಎಂದು ಅವರಿಗೆ ಗೊತ್ತು.

“ಏನ್ ಬೇಕು ಹೇಳು” ಎಂದರು.

ಹೇಳಿದೆ. ಅವರು ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಅದೇನೋ ಗ್ಯಾಸ್ ಬುಟ್ರೆ ಇಂಜಿನ್ ಒಡ್ದೋಗಲ್ವಾ?”

“ಸರಿಯಾಗಿ ಮಾಡದೆ ಇದ್ರೆ ಹೋಗುತ್ತೆ ಅತ್ತೆ. ಮಾಡಿದ್ರೆ ಹೋಗಲ್ಲ.” ಹೇಗೆ ತಿಳಿಸುವುದೆಂದು ಹುಡುಕಿದೆ. “ನಿಮ್ಮೂರಲ್ಲಿ ಸ್ನಾನಕ್ಕೆ ಹಂಡೆ ಒಲೆ ಇತ್ತಲ್ಲ. ಹಸಿ ಸೌದೆ ಆದ್ರೆ ನೀವು ಯಾವಾಗ ಹಚ್ತಿದ್ರಿ?”

“ಬೇಗ್ ಎದ್ದು ಹಚ್ಬೇಕು. ಅದು ಹತ್ಕೊಳೋದೇ ನಿಧಾನ.”

“ಒಣಗಿದ ತೆಂಗಿನ ಗರಿ ಆದ್ರೆ?”

“ಅದು ಬಗ್ ಅಂತ ಹತ್ಕತದೆ. ಲೇಟಾಗ್ ಹಚ್ಚುದ್ರೂ ಆಯ್ತು.”

“ಅಷ್ಟೇ ಅತ್ತೆ. ನೈಟ್ರಸ್ ಅಂದ್ರೆ ಒಣ ಗರಿ. ಬೆಂಕಿ ಬೇಗ ಹಬ್ಬುತ್ತೆ, ಅದಕ್ಕೆ ಕಿಡೀನ ಸ್ವಲ್ಪ ತಡವಾಗಿ ಕೊಡ್ಬೇಕು. ಮೊದ್ಲೇ ಕೊಟ್ಬಿಟ್ರೆ ಪಿಸ್ಟನ್ ಇನ್ನೂ ಮೇಲಕ್ಕೆ ಬರ್ತಿರುವಾಗ್ಲೇ ತಲೆ ಮೇಲೆ ಬೆಂಕಿ ಬಿದ್ದು ತೂತಾಗುತ್ತೆ. ಪೆಟ್ರೋಲ್ ಕಮ್ಮಿ ಆದ್ರೂ ಅದೇ ಗತಿ.”

ಅತ್ತೆ ಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. “ಓಡ್ಸು. ನಿಮ್ಮ ಮಾವ ಇದ್ದಿದ್ರೆ ಅವರೇ ಕೂತ್ಕಂಡು ಓಡ್ಸೋರು. ಆದ್ರೆ ಅದ್ರ ಸದ್ದು ಕೆಡಿಸ್ಬ್ಯಾಡ ಕಣಮ್ಮ. ಫೋಟೋಗೆ ಹೂವ ಹಾಕ್ತೀನಿ, ಅದು ಸುಮ್ನೆ ನೋಡ್ತಾ ಇರ್ತದೆ. ಬಂದ್ರು ಅಂತ ನಂಗನ್ಸೋದು ಆ ಸದ್ದು ಕೇಳ್ದಾಗ್ಲೇ.”

ಕೆಟ್ಟ ಇಂಜಿನ್ ತೆಗೆದು ಬೇರೆ ಇಂಜಿನ್ ಕೂರಿಸಬಹುದು, ಅದು ನನ್ನ ದಿನನಿತ್ಯದ ಕೆಲಸ. ಆದರೆ ಒಂದೊಂದು ಇಂಜಿನ್ನಿನ ಸವೆತ ಒಂದೊಂದು ಥರ, ದನಿಯೂ ಹಾಗೇ. ಈ ಪಿಸ್ಟನ್ ತೂತಾದರೆ ಆ ದನಿಯನ್ನು ನಾನು ಎಲ್ಲಿಂದಲೂ ತರಲಾರೆ. ಹೂಂ ಎಂದೆ. ಹೂಂ ಎಂದ ಮೇಲೆ ಭಯ ಶುರುವಾಯಿತು.

ಹಾಗಾಗಿ ಇರುವುದರಲ್ಲೇ ಚಿಕ್ಕ ಜೆಟ್ ಹಾಕಿದೆ. ಜೆಟ್ ಎಂದರೆ ಅನಿಲ ಹೊರಬರುವ ಸಣ್ಣ ಕಂಡಿ. ಪೆಟ್ರೋಲಿನದ್ದನ್ನು ಮಾತ್ರ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದು ಹಾಕಿದೆ. ಹಸಿದಿರುವುದಕ್ಕಿಂತ ಸ್ವಲ್ಪ ಹೆಚ್ಚು ಉಂಡು ತೇಗಿದರೆ ಇಂಜಿನ್ನಿಗೆ ಅಪಾಯ ಕಡಿಮೆ. ಬಿಸಿ ಬೇಗ ಬಿಟ್ಟುಕೊಡುವ ಸ್ಪಾರ್ಕ್ ಪ್ಲಗ್ಗು ಹಾಕಿದೆ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಮಾತ್ರ ಗುಂಡಿ ಕೆಲಸ ಮಾಡುವ ಹಾಗೆ ಸ್ವಿಚ್ಚು ಇಟ್ಟೆ. ಇಂಜಿನ್ನಿನ ಮೊದಲ ಸಿಲಿಂಡರಿನ ಪಿಸ್ಟನ್ನನ್ನು ತುದಿಗೆ ತಂದು ನಿಲ್ಲಿಸಿ, ಟೈಮಿಂಗ್ ಎಂದರೆ ಕಿಡಿಯ ಗಳಿಗೆಯನ್ನು ಇಡುವ ಕೆಲಸವನ್ನು ಹಬ್ಬ ಕಳೆದ ಮೇಲೆ ಮಾಡೋಣ ಎಂದು ಬಿಟ್ಟೆ. ಏಕೆಂದರೆ ಅಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆಯ ಹೊತ್ತಿಗೆ ಮೇಟಗಳ್ಳಿಯಲ್ಲಿ ತೊಳೆಯದೆ ಉಳಿದ ವಸ್ತುವೇ ಇರುವುದಿಲ್ಲ. ನನ್ನ ಗಂಡ ಶಾಲೆಯಲ್ಲಿ ಗಣಿತ ಮೇಷ್ಟ್ರು. ಸ್ಪ್ಯಾನರಿನ ಅಳತೆ ಕೇಳಿದರೆ ತಡವರಿಸುತ್ತಾರೆ, ಆದರೆ ಪೈಪು ಹಿಡಿದು ನೀರು ಬಿಡುವುದೆಂದರೆ ಅವರಿಗೆ ಪ್ರಾಣ. ಹಿಂದಿನ ದಿನವೇ ಶೆಡ್ಡಿಗೆ ಬಂದು ನೆಲ, ಗೋಡೆ, ಕಂಪ್ರೆಸರು, ಮಾವನ ಕಾರಿನ ಇಂಜಿನ್ನು ಎಲ್ಲವನ್ನೂ ಡೀಸೆಲ್ ಹಾಕಿ ಉಜ್ಜಿ ಪಳಪಳ ಹೊಳೆಸಿಟ್ಟರು. ಮರುದಿನ ಅತ್ತೆ ತಟ್ಟೆ ಹಿಡಿದು ಬಂದರು. ಜಾಕಿಗೆ ವಿಭೂತಿ, ಸುತ್ತಿಗೆಗೆ ಕುಂಕುಮ, ಕಂಪ್ರೆಸರಿಗೆ ಸೇವಂತಿಗೆ ಹಾರ. ನೈಟ್ರಸ್ ಸಿಲಿಂಡರಿನ ಮುಂದೆ ನಿಂತು, “ಇದ್ರಲ್ಲಿ ಯಾವ ಅಡುಗೆ ಮಾಡ್ತೀಯಮ್ಮ?” ಎಂದು ಕೇಳಿ ಅದಕ್ಕೂ ಮೂರು ಪಟ್ಟೆ ಎಳೆದರು. ಕಾರಿನ ಬಾನೆಟ್ಟಿನೊಳಗೆ ಬಗ್ಗಿ ಅಲ್ಲಿಯೂ ಪೂಜೆ ಮುಗಿಸಿದರು. ನಾನು ಅಷ್ಟು ಹೊತ್ತೂ ಅಕ್ಕಪಕ್ಕದ ಶೆಡ್ಡಿನವರಿಗೆ ಕಡ್ಲೆಪುರಿ ಹಂಚುತ್ತಿದ್ದೆ. ಬೂದುಗುಂಬಳಕಾಯಿ ಒಡೆದದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ಹಬ್ಬ ಕಳೆಯಿತು.

ಓಟದ ಹಿಂದಿನ ದಿನ, ಶನಿವಾರ, ಟೈಮಿಂಗ್ ಇಡಲು ಕೂತೆ. ಇಂಜಿನ್ನಿನ ಪಕ್ಕದಲ್ಲಿ ತಿರುಗುವ ಒಂದು ಗಾಲಿ ಇದೆ, ಪುಲ್ಲಿ ಎನ್ನುತ್ತೇವೆ. ಅದರ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಅದು ಕಾಣಲೆಂದು ನಾನು ಯಾವಾಗಲೂ ಅದಕ್ಕೆ ವೈಟ್ನರ್ ಬಳಿದಿರುತ್ತೇನೆ. ಕಿಡಿ ಹಾರಿದಾಗಲೆಲ್ಲ ಮಿಂಚುವ ಒಂದು ದೀಪವನ್ನು ಅದರ ಮೇಲೆ ಹಿಡಿದರೆ, ಗಿರಗಿರ ತಿರುಗುವ ಗಾಲಿ ನಿಂತ ಹಾಗೆ ಕಾಣುತ್ತದೆ. ಬಿಳಿ ಗೆರೆ ಪಕ್ಕದ ಡಿಗ್ರಿ ಪಟ್ಟಿಯಲ್ಲಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಕಿಡಿ ಬೀಳುತ್ತಿದೆ ಎಂದು ಅರ್ಥ. ಮಾವನ ಕಾಲದಿಂದಲೂ ಅದು ಹತ್ತರಲ್ಲಿತ್ತು, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಹತ್ತು ಡಿಗ್ರಿ ಮೊದಲು ಕಿಡಿ. ನೈಟ್ರಸ್ಸಿಗೆಂದು ಮೂರು ಡಿಗ್ರಿ ತಡಮಾಡಿ ಏಳಕ್ಕೆ ತರಬೇಕಿತ್ತು.

ದೀಪ ಹಿಡಿದರೆ ಬಿಳಿ ಗೆರೆ ಸೊನ್ನೆಯ ಹತ್ತಿರ ನಿಂತಿದೆ! ಗಂಡ ನೀರು ಬಿಡುವ ಉತ್ಸಾಹದಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅಲುಗಾಡಿಸಿರಬೇಕು ಎಂದುಕೊಂಡು, ಅವರಿಗೆ ಮನಸ್ಸಿನಲ್ಲೇ ಎರಡು ಮಾತು ಹೇಳಿ, ಅದನ್ನು ತಿರುಗಿಸಿ ತಿರುಗಿಸಿ ಗೆರೆಯನ್ನು ಏಳಕ್ಕೆ ತಂದು ಬಿಗಿ ಮಾಡಿದೆ. ಇಂಜಿನ್ನು ಚುರುಕಾಯಿತು. ವೇಗ ಏರಿತು, ಸ್ಕ್ರೂ ತಿರುಗಿಸಿ ಇಳಿಸಿದೆ. ಒಂಟಿಕೊಪ್ಪಲಿಗೆ ಬರುವ ದಾರಿಯುದ್ದಕ್ಕೂ ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಕುಣಿಯಿತು. ಅಬ್ಬಾ ನನ್ನ ಕೈಗುಣವೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗೇಟಿನ ಮುಂದೆ ನಿಲ್ಲಿಸಿ ಒಳಗೆ ಹೋದೆ. ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

“ಯಾರ್ ಬಂದಿದ್ದು? ಯಾರೋ ಕಾರಲ್ಲಿ ಬಂದಂಗಾಯ್ತು.”

“ನಾನೇ ಅತ್ತೆ.”

“ನಿಮ್ಮ ಮಾವನ ಕಾರ್ ಎಲ್ಲಿ ಬುಟ್ಟು ಬಂದೆ?”

ನಾನು ಬಾಗಿಲಾಚೆ ಕೈ ತೋರಿಸಿದೆ. ಅವರು ತಿಳಿನೀಲಿ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಇಳಿದುಹೋಯಿತು. “ಇದಲ್ಲ ಕಣಮ್ಮ. ಕೆಟ್ಟೋಗದೆ.”

ನನಗೆ ರೇಗಿತು. ಕೆಡುವುದೆಂದರೇನು? ದೀಪ ಹಿಡಿದು, ಡಿಗ್ರಿ ನೋಡಿ, ಎಲ್ಲ ಅಳೆದು ಮಾಡಿದ್ದೇನೆ, ಕಿಡಿ ತಡ ಮಾಡಿದಾಗ ಸದ್ದು ಸ್ವಲ್ಪ ಬೇರೆಯಾಗುವುದು ಸಹಜ, ಓಟ ಮುಗಿದ ಮೇಲೆ ಮೊದಲಿನ ಹಾಗೇ ಮಾಡಿಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಒಳಗೆ ಹೋದರು. ಊಟಕ್ಕೆ ಕೂತಾಗ ಮನೆಯಲ್ಲಿ ಸದ್ದೇ ಇಲ್ಲ. ಗಂಡ ಇಬ್ಬರ ಕಡೆಗೂ ಒಂದೊಂದು ಸಲ ತಲೆಯಾಡಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡರು.

ಮಲಗಿದ ಮೇಲೆ ಸಿಟ್ಟು ಇಳಿಯಿತು, ಯೋಚನೆ ಏರಿತು. ಮಾವನ ಹತ್ತಕ್ಕಿಂತ ಕಿಡಿ ತಡವಾದರೆ ಇಂಜಿನ್ನು ಮಂಕಾಗಬೇಕು. ಇದು ಚುರುಕಾಗಿದೆ. ಚುರುಕಾದದ್ದಕ್ಕೆ ನಾನು ಬೆನ್ನು ತಟ್ಟಿಕೊಂಡೆನೇ ಹೊರತು ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಮನೆಯ ಮುಂದೆ ಬಾನೆಟ್ ಎತ್ತಿದೆ. ಮೊದಲ ಪ್ಲಗ್ಗನ್ನು ಬಿಚ್ಚಿ, ಆ ತೂತಿನೊಳಗೆ ಪೊರಕೆಯಿಂದ ಎಳೆದ ಉದ್ದನೆಯ ತೆಂಗಿನಕಡ್ಡಿ ಇಳಿಬಿಟ್ಟೆ. ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ ಮೇಲೇರುತ್ತಾ ಕಡ್ಡಿಯನ್ನೂ ಎತ್ತುತ್ತದೆ. ಕಡ್ಡಿ ಏರಿ ನಿಂತಿತು. ಅಂದರೆ ಪಿಸ್ಟನ್ ತುದಿಗೆ ಬಂದಿದೆ, ಬಿಳಿ ಗೆರೆ ಈಗ ಸೊನ್ನೆಯ ಎದುರು ಇರಬೇಕು. ಟಾರ್ಚು ಬಿಟ್ಟು ನೋಡಿದೆ. ಸೊನ್ನೆಯ ಎದುರು ಬರಿಯ ಕಚ್ಚು ಇತ್ತು, ತೊಳೆದಿಟ್ಟ ಹಾಗೆ ಸ್ವಚ್ಛವಾಗಿ. ಬಿಳಿ ಗೆರೆ ಅದಕ್ಕಿಂತ ಒಂದು ಬೆರಳು ಮುಂದೆ ಇತ್ತು.

ಬೆರಳಲ್ಲಿ ಮುಟ್ಟಿದೆ. ಪುಡಿ ಅಂಟಿಕೊಂಡಿತು. ಮೂಸಿದೆ. ವಿಭೂತಿ.

ವೈಟ್ನರ್ ಡೀಸೆಲ್ಲಿನಲ್ಲಿ ತೊಳೆದುಹೋಗಿತ್ತು, ನಾನು ಕಿಡಿ ಇಟ್ಟದ್ದು ಪೂಜೆಯ ಗೆರೆಗೆ. ಹತ್ತರಿಂದ ಏಳಕ್ಕೆ ತಡಮಾಡಿದೆ ಎಂದುಕೊಂಡು ಕಿಡಿಯನ್ನು ಹದಿನೇಳರ ಹತ್ತಿರಕ್ಕೆ, ಇನ್ನೂ ಮೊದಲಿಗೆ ತಂದಿದ್ದೆ. ಆ ಸ್ಥಿತಿಯಲ್ಲಿ ಗುಂಡಿ ಒತ್ತಿದ್ದರೆ ಅರ್ಧ ರಸ್ತೆ ದಾಟುವುದರೊಳಗೆ ಪಿಸ್ಟನ್ ತೂತಾಗುತ್ತಿತ್ತು.

ಅತ್ತೆ ಹೊಸಿಲಿಗೆ ರಂಗೋಲಿ ಹಾಕಲು ಹೊರಗೆ ಬಂದರು. ನಾನು ಬಿಳಿಯಾದ ಬೆರಳು ತೋರಿಸಿದೆ.

“ಇಲ್ಲಿ ವಿಭೂತಿ ಇಟ್ರಾ ಅತ್ತೆ?”

“ಊಂ ಕಣಮ್ಮ. ತಿರುಗೋ ಗಾಲಿ ಅಲ್ವಾ, ಬುಡಬಾರ್ದು ಅಂತ ಇಟ್ಟೆ. ಕೈ ತೂರಲಿಲ್ಲ, ಒಂದೇ ಬೆಳ್ಳಲ್ಲಿ ಎಳ್ದೆ. ಓಡ್ಸೋಳು ನೀನಲ್ವಾ, ಏನೂ ಆಗ್ದಿರ್ಲಿ ಅಂತ.” ಆಮೇಲೆ ನನ್ನ ಮುಖ ನೋಡಿ ಅವರಿಗೆ ಗಾಬರಿಯಾಯಿತು. “ಯಾಕೆ, ನಾನೇನಾರ ಕೆಡಿಸ್ಬುಟ್ನಾ?”

ಹೇಳಿದೆ. ಎಲ್ಲಿಂದ ಎಲ್ಲಿಯವರೆಗೆ ಏನೇನಾಯಿತು ಎಂದು ಹೇಳಿದೆ. ಅವರು ರಂಗೋಲಿ ಬಟ್ಟಲನ್ನು ಕೆಳಗಿಟ್ಟರು. “ಅಯ್ಯೋ ಶಿವನೇ” ಎಂದರು. ನನಗೆ ಇದ್ದಕ್ಕಿದ್ದ ಹಾಗೆ ನಗು ಬಂತು. ಕೆಡಿಸಿದವರೂ ಇವರೇ, ಕೆಟ್ಟಿದೆ ಎಂದವರೂ ಇವರೇ, ನಾನು ನಡುವೆ ದೀಪ ಹಿಡಿದುಕೊಂಡು ಜಂಬ ಕೊಚ್ಚಿದವಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೊದಲು ಅವರ ತುಟಿ ಅಲುಗಿತು, ಆಮೇಲೆ ಅವರೂ ನಕ್ಕರು. ಗಂಡ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಹೊರಗೆ ಬಂದು, ಮನೆಯಲ್ಲಿ ಮಾತುಕತೆ ಶುರುವಾಯಿತಲ್ಲ ಎಂದು ಸಮಾಧಾನವಾಗಿ ಒಳಗೆ ಹೋದರು.

ಕಚ್ಚಿಗೆ ಹೊಸದಾಗಿ ವೈಟ್ನರ್ ಬಳಿದೆ. “ಇದನ್ನ ಒರ್ಸ್ಬುಡು” ಎಂದು ಅತ್ತೆ ವಿಭೂತಿಯನ್ನು ತೋರಿಸಿದರು. ಒರೆಸಿ, ಬ್ಯಾಟರಿಯ ಪಕ್ಕದ ತಗಡಿನ ಮೇಲೆ ಅವರ ಕೈಯಲ್ಲೇ ಇನ್ನೊಂದು ಇಡಿಸಿದೆ. ದೀಪ ಹಿಡಿದು ಈ ಸಲ ನಿಜವಾಗಿ ಏಳಕ್ಕೆ ತಂದೆ. ಇಂಜಿನ್ನು ತಗ್ಗಿತು. ಅತ್ತೆ ಕಿವಿಗೊಟ್ಟು ಕೇಳಿ, “ಈಗ ಅದೇಯ. ಆದ್ರೆ ನೆಗಡಿ ಆದಂಗದೆ” ಎಂದರು. ಮೂರು ಡಿಗ್ರಿಯ ನೆಗಡಿ, ಸಂಜೆಗೆ ವಾಸಿಯಾಗುತ್ತದೆ ಎಂದೆ. “ನಾನೂ ಬತ್ತೀನಿ” ಎಂದು ಅವರು ಮೊಸರನ್ನ ಕಲಸಲು ಹೋದರು.

ಇಲವಾಲದಾಚೆಯ ಆ ಬಡಾವಣೆಯಲ್ಲಿ ಒಂದೇ ಒಂದು ಮನೆಯಿಲ್ಲ, ಪಾರ್ಕಿನ ಬೋರ್ಡು ಮಾತ್ರ ಇತ್ತು. ರಸ್ತೆಯ ಎರಡೂ ಕಡೆ ಹುರಿಹಗ್ಗ, ತುದಿಯಲ್ಲಿ ಆಂಬುಲೆನ್ಸು, ಮಧ್ಯದಲ್ಲಿ ಕಬ್ಬಿನಹಾಲಿನ ಗಾಡಿ. ಅತ್ತೆ ಕೊಡೆಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಪಕ್ಕಕ್ಕೆ ಬಂದು ನಿಂತದ್ದು ಹೊಸ ಕೆಂಪು ಕಾರು. ಅದರ ಯಜಮಾನರು ಕಿಟಕಿ ಇಳಿಸಿ, “ಮೇಡಂ, ಪಾರ್ಕಿಂಗ್ ಆ ಕಡೆ” ಎಂದರು. ಥ್ಯಾಂಕ್ಸ್ ಎಂದೆ.

ಓಟ ಶುರುಮಾಡುವವರ ಕರ್ಚೀಫು ಕೆಳಗೆ ಬಿತ್ತು. ಒಂದು, ಎರಡು, ಮೂರನೆಯ ಗೇರು. ಪೂರ್ತಿ ತುಳಿದು ಗುಂಡಿ ಒತ್ತಿದೆ. ಹಿಂದಿನಿಂದ ಯಾರೋ ಕಾರನ್ನು ಒದ್ದ ಹಾಗಾಯಿತು. ಸೀಟು ಬೆನ್ನಿಗೆ ಅಂಟಿಕೊಂಡಿತು. ನಾನು ಕೂಗಿದೆನೆಂದು ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಕಣ್ಣಿಗೆ ರಸ್ತೆ ಕಾಣುತ್ತಿದ್ದರೂ ಮನಸ್ಸೆಲ್ಲ ಕಿವಿಯಲ್ಲಿತ್ತು. ಇಂಜಿನ್ನು ಒಂದು ಟಿಣ್ ಎಂದರೂ ಕಾಲು ಎತ್ತಿಬಿಡಬೇಕೆಂದು ಕಾದಿದ್ದೆ. ಅನ್ನಲಿಲ್ಲ. ಓಟದ ಕೊನೆಯ ಗೆರೆ ದಾಟಿದ ಕೂಡಲೇ ಕ್ಲಚ್ಚು ತುಳಿದು ಇಂಜಿನ್ ಆರಿಸಿ, ಹಾಗೇ ಉರುಳಿಸಿಕೊಂಡು ಹೋಗಿ ನಿಲ್ಲಿಸಿದೆ.

ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚಿದೆ. ಇಂಜಿನ್ನಿನ ಹೊಟ್ಟೆಯೊಳಗೆ ಏನಾಯಿತೆಂದು ಪ್ಲಗ್ಗಿನ ಮೂತಿ ಹೇಳುತ್ತದೆ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚು, ಬೆಳ್ಳಿಯ ಚುಕ್ಕೆ ಕಂಡರೆ ಪಿಸ್ಟನ್ ಕರಗಿದೆ. ನಾಲ್ಕೂ ಪ್ಲಗ್ಗುಗಳು ಹದವಾಗಿ ಹುರಿದ ಕೊತ್ತಂಬರಿ ಬೀಜದ ಬಣ್ಣಕ್ಕೆ ಬಂದಿದ್ದವು. ಅಷ್ಟು ಚೆಂದದ ಬಣ್ಣವನ್ನು ನಾನು ರೇಷ್ಮೆ ಸೀರೆಯಲ್ಲೂ ನೋಡಿಲ್ಲ.

ಅತ್ತೆ ಬಿಸಿಲಲ್ಲಿ ಅಷ್ಟು ದೂರ ನಡೆದೇ ಬಂದರು. “ಗೆದ್ದಾ?”

“ಇಲ್ಲ ಅತ್ತೆ. ಕೆಂಪು ಕಾರು ಮುಂದೆ ಹೋಯ್ತು.”

“ಇದಕ್ಕೇನಾರ ಆಯ್ತಾ?”

“ಏನೂ ಆಗಿಲ್ಲ.”

“ಅಂಗಾರೆ ಸರಿ. ಬಾ, ಮೊಸರನ್ನ ತಿನ್ನು.”

ಇನ್ನೊಂದು ಸಲ ಓಡಿಸು ಎಂದು ಎಲ್ಲರೂ ಹೇಳಿದರು. ಕೆಂಪು ಕಾರಿನವರಂತೂ ಬಾನೆಟ್ಟಿನೊಳಗೆ ತಲೆ ಹಾಕಿ ಮೆಕ್ಯಾನಿಕ್ ಯಾರು ಎಂದು ವಿಚಾರಿಸಿದರು. ನನಗೆ ಸಾಕಾಗಿತ್ತು. ಆಸೆ ತೀರಿತ್ತು, ಇಂಜಿನ್ನು ಉಳಿದಿತ್ತು. ಸಿಲಿಂಡರಿನ ಕವಾಟ ಮುಚ್ಚಿ, ಕೊಳವೆ ಬಿಚ್ಚಿ, ದೀಪ ಹಿಡಿದು ಕಿಡಿಯನ್ನು ಮಾವನ ಹತ್ತಕ್ಕೇ ತಂದು ಬಿಗಿ ಮಾಡಿದೆ. ಮನೆಗೆ ಬರುವಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು, ಸದ್ದಿನ ಮಾತೇ ಎತ್ತಲಿಲ್ಲ. ನಾನು ಕೇಳಲು ಹೆದರಿದೆ.

ಒಂಟಿಕೊಪ್ಪಲಿಗೆ ಬಂದಾಗ ಸಂಜೆಯಾಗಿತ್ತು. ಗೇಟಿನ ಮುಂದೆ ನಿಲ್ಲಿಸಿದೆ. ಅವರು ಇಳಿದರು, ಆದರೆ ಬಾಗಿಲು ಹಾಕದೆ ಬಗ್ಗಿ ನಿಂತರು.

“ಒಳಗೆ ಕೂತ್ಕಂಡ್ರೆ ಗೊತ್ತಾಗಲ್ಲ ಕಣಮ್ಮ. ಅವರ ಪಕ್ಕ ಕೂತ್ಕಂಡು ನಾನು ಓಡಾಡಿದ್ದು ಕಮ್ಮಿ. ಬರೋದನ್ನ ಕೇಳಿದ್ದೇ ಜಾಸ್ತಿ. ನೀನೊಂದ್ ಸುತ್ತು ಹೋಗಿ ಬಾ. ನಾನು ಒಳಗಿರ್ತೀನಿ.”

ಹೋದೆ. ಹಿಂದಿನ ರಸ್ತೆಗೆ ಹೋಗಿ, ಮೂಲೆ ತಿರುಗಿ, ಮಾವ ಹೇಗೆ ಬರುತ್ತಿದ್ದರೋ ಹಾಗೇ ಎರಡನೆಯ ಗೇರಿನಲ್ಲಿ ನಿಧಾನವಾಗಿ ಬಂದು ಗೇಟಿನ ಮುಂದೆ ನಿಲ್ಲಿಸಿದೆ. ಇಂಜಿನ್ನು ಆರಿಸಲಿಲ್ಲ. ಮನೆಯೊಳಗೆ ದೀಪ ಹಾಕಿರಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಿಟಕಿಯಿಂದ ಅತ್ತೆಯ ದನಿ ಬಂತು. ಮೂಗು ಕಟ್ಟಿದ ದನಿ.

“ಇನ್ನೊಂದ್ ಸಲ ಬಾ.”

ನಾನು ಮತ್ತೆ ಹೋದೆ, ಮತ್ತೆ ಬಂದೆ. ಅವರು ಸಾಕು ಎನ್ನಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಗೇರು ಹಾಕಿದೆ. ಮೂಲೆಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಗೇಟಿನ ಹತ್ತಿರ ಬಂದು ಕೈ ಅಡ್ಡ ಹಿಡಿದರು.

“ಆಗ್ಲಿಂದ ಸುತ್ತುತಾ ಇದ್ದೀರಲ್ಲ, ಯಾರ ಮನೆ ಬೇಕಿತ್ತು?”

“ನಮ್ಮನೇನೇ” ಎಂದೆ.